ಕೊನೇ ಬೆಂಚಿಗೂ ಅದೇ ದನಿ: ಲೈನ್ ಅರೇ ಸ್ಪೀಕರ್ ಮನೆಯೊಳಗೆ ಬಂದ ಕಥೆ

ಇಯರ್‌ಬಡ್ ಹಾಕ್ಕೊಂಡೇ ಕೇಳ್ತಿದೀರಾ? ಹಾಗಿದ್ರೆ ಒಂದು ಸಣ್ಣ ಕೆಲಸ ಮಾಡಿ. ಎಡಗಿವಿಯದ್ದನ್ನು ಒಂದು ನಿಮಿಷ ತೆಗೆದು ಕೈಯಲ್ಲಿ ಹಿಡ್ಕೊಳ್ಳಿ. ಕೆಲವು ಫೋನ್‌ಗಳಲ್ಲಿ ಆಡಿಯೊ ನಿಂತುಬಿಡುತ್ತೆ, ಮತ್ತೆ ಪ್ಲೇ ಒತ್ತಿ. ನನ್ನ ಮಾತು ಕೇಳಿಸ್ತಿದೆ, ಸರಿ. ಆದ್ರೆ ಹಿನ್ನೆಲೆಯಲ್ಲಿ ಬರ್ತಿದ್ದ ವೀಣೆ ಎಲ್ಲಿಗೆ ಹೋಯ್ತು? ಅದನ್ನು ನಾವು ಬೇಕಂತಲೇ ಎಡಗಡೆಗೆ ಮಾತ್ರ ಹಾಕಿದ್ವಿ.

ನಮ್ಮಮ್ಮ ಸುಮಾರು ಇಪ್ಪತ್ತು ವರ್ಷ ಮನೆಯಲ್ಲಿ ಸಂಗೀತ ಕೇಳಿದ್ದು ಹೀಗೆ. ಒಂದೇ ಕಡೆಯದ್ದು. ಇವತ್ತಿನ ಸಂಚಿಕೆ ಅಲ್ಲಿಂದ ಶುರು. ಲಂಡನ್ನಿನ ಒಂದು ದೊಡ್ಡ ಚರ್ಚು, ಅಮೆರಿಕದ ಒಂದು ರಾಕ್ ಬ್ಯಾಂಡು, ಫ್ರಾನ್ಸಿನ ಒಬ್ಬ ಭೌತವಿಜ್ಞಾನಿ, ಎಲ್ಲರನ್ನೂ ನೋಡ್ಕೊಂಡು ವಾಪಸ್ ಅಮ್ಮನ ಹತ್ರವೇ ಬರ್ತೀವಿ. ಇಯರ್‌ಬಡ್ ಮತ್ತೆ ಹಾಕ್ಕೊಳ್ಳಿ.

ಅಪ್ಪನ ಕುರ್ಚಿ

ನಮ್ಮ ಮನೆ ತುಮಕೂರಿನಲ್ಲಿ. ಹಾಲ್‌ನ ಒಂದು ಗೋಡೆಗೆ ಶೋಕೇಸು, ಅದರ ಅಕ್ಕಪಕ್ಕ ಎರಡು ಮರದ ಸ್ಪೀಕರ್ ಡಬ್ಬ, ಎದುರಿಗೆ ಒಂದು ಬೆತ್ತದ ಕುರ್ಚಿ. ಆ ಕುರ್ಚಿಯ ಜಾಗವನ್ನು ಅಪ್ಪ ಟೇಪು ಹಿಡಿದು ಅಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಎರಡು ಸ್ಪೀಕರ್, ಒಂದು ಕುರ್ಚಿ, ಮೂರೂ ಸೇರಿ ಸಮಬಾಹು ತ್ರಿಭುಜ. ಸ್ಟೀರಿಯೊ ಕೇಳೋರ ಹಳೇ ನಿಯಮ ಅದು. ಅಲ್ಲಿ ಕೂತರೆ ಹಾಡುವವರು ಎರಡು ಡಬ್ಬಗಳ ನಡುವೆ, ಏನೂ ಇಲ್ಲದ ಗಾಳಿಯಲ್ಲಿ ಬಂದು ನಿಂತ ಹಾಗಾಗುತ್ತೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾನು ಹತ್ತು ವರ್ಷದವನಿದ್ದಾಗ ಒಮ್ಮೆ ಆ ಕುರ್ಚಿಯಲ್ಲಿ ಕೂರಿಸಿ, 'ಈಗ ಗೊತ್ತಾಯ್ತೇನೋ?' ಅಂತ ಕೇಳಿದ್ದರು. ಗೊತ್ತಾಗಿತ್ತು.

ಅಮ್ಮ ಕೇಳುತ್ತಿದ್ದದ್ದು ಅಡುಗೆಮನೆ ಬಾಗಿಲಲ್ಲಿ ನಿಂತು. ಅಲ್ಲಿಂದ ಬಲಗಡೆ ಸ್ಪೀಕರ್ ಒಂದು ಮೀಟರ್ ದೂರ, ಎಡಗಡೆಯದು ನಾಲ್ಕು ಮೀಟರ್. ಹತ್ತಿರದ ಸ್ಪೀಕರ್ ಜೋರು, ಅದೂ ಅಲ್ಲದೆ ಅದರ ಶಬ್ದವೇ ಮೊದಲು ಬಂದು ತಲುಪುತ್ತೆ. ನಮ್ಮ ಮಿದುಳಿಗೆ ಒಂದು ಅಭ್ಯಾಸ ಇದೆ. ಒಂದೇ ಶಬ್ದ ಎರಡು ಕಡೆಯಿಂದ ಬಂದರೆ, ಮೊದಲು ಬಂದ ಕಡೆಯೇ ಮೂಲ ಅಂತ ತೀರ್ಮಾನ ಮಾಡಿಬಿಡುತ್ತೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕ 1949ರಲ್ಲಿ ಇದನ್ನು ಅಳೆದು ಬರೆದ. ಹಾಗಾಗಿ ಇದಕ್ಕೆ ಹಾಸ್ ಪರಿಣಾಮ ಅಂತ ಹೆಸರು. ಅಮ್ಮನ ಪಾಲಿಗೆ ಇಡೀ ಕಛೇರಿ ಬಲಗಡೆ ಡಬ್ಬದೊಳಗೆ ಕುಸಿದುಬಿಡುತ್ತಿತ್ತು. ಎಡಗಡೆ ಇದ್ದ ವಾದ್ಯ ಎಲ್ಲೋ ಪಕ್ಕದ ಮನೆಯಲ್ಲಿ ನುಡಿಸಿದ ಹಾಗೆ.

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಕುರ್ಚಿ ಇದೆ, ಸ್ಪೀಕರ್ ಇದೆ. ಅಮ್ಮ ಹಾಕಲ್ಲ. 'ಅದು ಅವರ ಸಿಸ್ಟಮ್ಮು ಕಣೋ' ಅಂತಾಳೆ. ಅದನ್ನು ನಾನು ದುಃಖ ಅಂದುಕೊಂಡಿದ್ದೆ. ಕಾರಣ ಅದೊಂದೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು, ಮೈಸೂರಿನಲ್ಲಿ, ಗೆಳೆಯನೊಬ್ಬನ ಮನೆಯಲ್ಲಿ.

ಬಲ್ಬು ಮತ್ತು ಟ್ಯೂಬ್‌ಲೈಟು

ಲೈನ್ ಅರೇ ಅನ್ನೋ ಹೆಸರು ಕೇಳಿರದೇ ಇರಬಹುದು, ವಸ್ತುವನ್ನು ನೀವು ಖಂಡಿತ ನೋಡಿದ್ದೀರಿ. ಮೈದಾನದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ನಡೆದಾಗ ವೇದಿಕೆಯ ಎರಡೂ ಬದಿಗೆ ಮೇಲಿಂದ ಕೆಳಕ್ಕೆ, ಬೆನ್ನುಮೂಳೆ ಹಾಗೆ ಸ್ವಲ್ಪ ಬಾಗಿ, ಕಪ್ಪು ಡಬ್ಬಗಳ ಸಾಲು ನೇತಾಡ್ತಿರುತ್ತಲ್ಲ? ಅದೇ. ಸ್ಪೀಕರ್‌ಗಳನ್ನು ಒಂದರ ಕೆಳಗೊಂದು ಒತ್ತೊತ್ತಾಗಿ ಜೋಡಿಸಿದ ಸಾಲು.

ಸಾಲು ಯಾಕೆ? ಮಾಮೂಲಿ ಸ್ಪೀಕರ್ ಒಂದು ಬಲ್ಬ್ ಇದ್ದ ಹಾಗೆ. ಬೆಳಕು ಎಲ್ಲಾ ದಿಕ್ಕಿಗೂ ಹರಡುತ್ತೆ. ದೂರ ಎರಡು ಪಟ್ಟಾದರೆ ಅಷ್ಟೇ ಶಕ್ತಿ ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗಬೇಕು. ಶಬ್ದದ ಲೆಕ್ಕದಲ್ಲಿ ಇದು 6 ಡೆಸಿಬಲ್ ಇಳಿಕೆ. ಸಾಲು ಸ್ಪೀಕರ್ ಟ್ಯೂಬ್‌ಲೈಟ್ ಇದ್ದ ಹಾಗೆ. ಉದ್ದಕ್ಕೂ ಒಂದೇ ಸಮ ಉರಿಯೋದರಿಂದ, ಹತ್ತಿರದಲ್ಲಿರುವವರಿಗೆ ಅದರ ಶಬ್ದ ಮೇಲೆ ಕೆಳಗೆ ಹರಡಲ್ಲ, ಅಕ್ಕಪಕ್ಕಕ್ಕೆ ಮಾತ್ರ ಹರಡುತ್ತೆ. ಗೋಳದ ಬದಲು ಕೊಳವೆಯ ಆಕಾರ. ದೂರ ಎರಡು ಪಟ್ಟಾದರೆ ಜಾಗವೂ ಎರಡೇ ಪಟ್ಟು. ಇಳಿಕೆ 3 ಡೆಸಿಬಲ್ ಅಷ್ಟೇ.

ಈಗ ಅಮ್ಮನ ಬಾಗಿಲಿಗೆ ಬನ್ನಿ. ಒಂದು ಮೀಟರ್, ನಾಲ್ಕು ಮೀಟರ್. ಬಯಲಿನಲ್ಲಿ ಲೆಕ್ಕ ಹಾಕಿದರೆ ಮಾಮೂಲಿ ಸ್ಪೀಕರ್‌ಗಳಲ್ಲಿ ಎರಡರ ನಡುವೆ 12 ಡೆಸಿಬಲ್ ವ್ಯತ್ಯಾಸ. ಸಾಲು ಸ್ಪೀಕರ್‌ಗಳಲ್ಲಿ 6. ಮನೆಯೊಳಗೆ ಗೋಡೆಗಳು ಶಬ್ದವನ್ನು ವಾಪಸ್ ಎಸೆಯೋದರಿಂದ ಎರಡೂ ಅಂಕಿ ಕಡಿಮೆಯಾಗುತ್ತವೆ. ಆದರೆ ಯಾವುದು ಹೆಚ್ಚು ಸಮ ಅನ್ನೋದು ಬದಲಾಗಲ್ಲ.

ಒಂದು ಷರತ್ತಿದೆ. ಈ ಲಾಭ ಒಂದು ದೂರದವರೆಗೆ ಮಾತ್ರ. ಸಾಲು ಉದ್ದವಾದಷ್ಟೂ, ಸ್ವರ ಮೇಲಿನದಾದಷ್ಟೂ ಆ ದೂರ ಹೆಚ್ಚು. 2 ಮೀಟರ್ ಎತ್ತರದ ಸಾಲಿಗೆ 1,000 ಹರ್ಟ್ಸ್ ಸ್ವರದಲ್ಲಿ ಅದು ಸುಮಾರು 5ರಿಂದ 6 ಮೀಟರ್. 100 ಹರ್ಟ್ಸ್‌ನ ತಗ್ಗು ಸ್ವರಕ್ಕೆ ಅರ್ಧ ಮೀಟರ್‌ನಲ್ಲೇ ಮುಗಿದುಹೋಗುತ್ತೆ. ಮೈದಾನದಲ್ಲಿ ಜನ 50 ಮೀಟರ್ ದೂರ ನಿಂತಿರ್ತಾರೆ, ಹಾಗಾಗಿ ಅಲ್ಲಿ ಬಹಳ ಉದ್ದದ ಸಾಲೇ ಬೇಕು. ಮನೆ ಹಾಲ್ ಎಷ್ಟು ದೊಡ್ಡದು? ನಾಲ್ಕೈದು ಮೀಟರ್. ಹಾಡಿನ ದನಿಯ ಮಟ್ಟಿಗೆ ನಾವು ಮನೆಯಲ್ಲಿ ಯಾವಾಗಲೂ ಆ ಹತ್ತಿರದ ವಲಯದಲ್ಲೇ ಇರ್ತೀವಿ. ಅಂದ್ರೆ ಈ ವಿದ್ಯೆ ಮೈದಾನಕ್ಕಿಂತ ಮನೆಗೇ ಸುಲಭವಾಗಿ ಒಗ್ಗುವಂಥದ್ದು.

ದನಿ ಕಳೆದುಹೋಗುತ್ತಿದ್ದ ಚರ್ಚು

ವಿಜಯಪುರದ ಗೋಲ್ ಗುಂಬಜ್‌ನ ಮೇಲಿನ ಗ್ಯಾಲರಿಯಲ್ಲಿ ಕೂಗಿ ನೋಡಿದ್ದೀರಾ? ಒಂದು ಸಲ ಕೂಗಿದರೆ ಅದು ತಿರುಗಿ ತಿರುಗಿ ಬರುತ್ತೆ. ಆಟಕ್ಕೆ ಚೆನ್ನ. ಅಂಥ ಗುಮ್ಮಟದ ಕೆಳಗೆ ನಿಂತು ಭಾಷಣ ಮಾಡಬೇಕು ಅಂದ್ರೆ? ಒಂದು ಪದದ ಬಾಲ ಮುಗಿಯೋ ಮೊದಲೇ ಮುಂದಿನ ಹತ್ತು ಪದ ಅದರ ಮೇಲೆ ಬಿದ್ದಿರುತ್ತವೆ.

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಇದೇ ಕಷ್ಟ ಇತ್ತು. ಅಲ್ಲೂ ದೊಡ್ಡ ಗುಮ್ಮಟ, ಅಲ್ಲೂ ಪಿಸುಮಾತಿನ ಗ್ಯಾಲರಿ. ವಾಲ್ಯೂಮ್ ಏರಿಸಿದಷ್ಟೂ ಗದ್ದಲ ಹೆಚ್ಚಾಗುತ್ತಿತ್ತು, ಮಾತು ಅರ್ಥವಾಗುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದ ಪಿ.ಎಚ್. ಪಾರ್ಕಿನ್ ಮತ್ತು ಅವರ ತಂಡ ಅಲ್ಲಿ ಉದ್ದುದ್ದ ಕಂಬದಂಥ ಸ್ಪೀಕರ್ ನಿಲ್ಲಿಸಿತು. ದೊಡ್ಡವು ಹತ್ತಡಿಗೂ ಎತ್ತರ. ಸಾಲು ಸ್ಪೀಕರ್ ಶಬ್ದವನ್ನು ಗುಮ್ಮಟದ ಕಡೆಗೆ ಎಸೆಯಲ್ಲ, ಜನ ಕೂತಿರೋ ಮಟ್ಟಕ್ಕೆ ಮಾತ್ರ ಕಳಿಸುತ್ತೆ. ಕೆರಳಿಸದೇ ಇದ್ದರೆ ಗುಮ್ಮಟ ಸುಮ್ಮನಿರುತ್ತೆ.

ಅವರು ಇನ್ನೊಂದು ಜಾಣತನ ಮಾಡಿದರು. ಹಿಂದಿನ ಸ್ಪೀಕರ್‌ಗಳಿಗೆ ಹೋಗೋ ದನಿಯನ್ನು, ಕಾಂತೀಯ ಲೇಪನ ಇದ್ದ ತಿರುಗುವ ಚಕ್ರದ ಮೇಲೆ ದಾಖಲಿಸಿ, ಸ್ವಲ್ಪ ತಡವಾಗಿ ನುಡಿಸಿದರು. ಮೊದಲು ಬಂದ ಶಬ್ದವೇ ಮೂಲ ಅಂತ ಮಿದುಳು ನಂಬುತ್ತಲ್ಲ, ಆಗಲೇ ಹೇಳಿದ ಹಾಸ್ ಪರಿಣಾಮ? ಹಿಂದೆ ಕೂತವರಿಗೂ ದನಿ ಪ್ರವಚನಕಾರರ ಕಡೆಯಿಂದಲೇ ಬಂದಂತೆ ಅನ್ನಿಸಲಿ ಅಂತ ಈ ಉಪಾಯ.

ಇದರ ಗಣಿತ ಅವರಿಗಿಂತ ಹಳೆಯದು. ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್, ಒಂದು ಗೆರೆಯಲ್ಲಿಟ್ಟ ಶಬ್ದಮೂಲ ಯಾವ ದಿಕ್ಕಿಗೆ ಎಷ್ಟು ಶಬ್ದ ಕೊಡುತ್ತೆ ಅಂತ 1940ರ ತಮ್ಮ ಪುಸ್ತಕದಲ್ಲೇ ಬರೆದಿದ್ದರು. ಆಮೇಲೆ ಕಾಲಂ ಸ್ಪೀಕರ್ ಪ್ರಪಂಚದ ತುಂಬಾ ಹರಡಿತು. ನಮ್ಮೂರುಗಳ ಕಲ್ಯಾಣ ಮಂಟಪ, ಶಾಲೆ, ದೇವಸ್ಥಾನದ ಕಂಬಗಳಲ್ಲಿ ತೂಗುಹಾಕಿರೋ ಉದ್ದನೆಯ ಬೂದು ಡಬ್ಬ ಅದರ ವಂಶದ್ದೇ. ಆದರೆ ಎಷ್ಟೋ ಕಡೆ ಅದನ್ನು 'ನೋಡಕ್ಕೆ ನೀಟಾಗಿರ್ಲಿ' ಅಂತ ಬಾಗಿಲ ಮೇಲೆ ಅಡ್ಡಡ್ಡ ಮಲಗಿಸಿರ್ತಾರೆ. ಆಗ ಎಲ್ಲಾ ಉಲ್ಟಾ. ಶಬ್ದ ಸೂರಿಗೂ ನೆಲಕ್ಕೂ ಚೆನ್ನಾಗಿ ಹರಡುತ್ತೆ, ಅಕ್ಕಪಕ್ಕ ಕೂತ ಜನಕ್ಕೆ ಕಡಿಮೆಯಾಗುತ್ತೆ. ಮುಂದಿನ ಮದುವೆಗೆ ಹೋದಾಗ ತಲೆ ಎತ್ತಿ ನೋಡಿ.

ಬ್ಯಾಂಡಿನ ಹಿಂದೆ ಒಂದು ಗೋಡೆ

1974ಕ್ಕೆ ಬರೋಣ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ತನ್ನ ಹಿಂದೆ ಸ್ಪೀಕರ್‌ಗಳ ಒಂದು ಗೋಡೆಯನ್ನೇ ಕಟ್ಟಿಸಿತು. ಹೆಸರೂ ಅದೇ, ವಾಲ್ ಆಫ್ ಸೌಂಡ್. ಅದರ ಕನಸುಗಾರ ಓಸ್ಲಿ ಸ್ಟ್ಯಾನ್ಲಿ, ಎಲ್ಲರೂ ಕರೀತಿದ್ದದ್ದು 'ಬೇರ್' ಅಂತ. ಐನೂರಕ್ಕೂ ಹೆಚ್ಚು ಸ್ಪೀಕರ್, 25,000 ವ್ಯಾಟ್‌ಗೂ ಹೆಚ್ಚು ಶಕ್ತಿ. ಒಂದೊಂದು ವಾದ್ಯಕ್ಕೂ ಅದರದೇ ಎತ್ತರದ ಸಾಲು. ಎಲ್ಲವನ್ನೂ ಕಲಸಿ ಎರಡು ಡಬ್ಬದಿಂದ ಬಿಡೋ ಬದಲು, ಗಿಟಾರ್ ಗಿಟಾರಿನ ಸಾಲಿನಿಂದ, ದನಿ ದನಿಯ ಸಾಲಿನಿಂದ.

ಸ್ಪೀಕರ್ ಹಾಡುವವರ ಬೆನ್ನ ಹಿಂದೆಯೇ ಇದ್ದರೆ ಮೈಕ್ 'ಕೀ' ಅನ್ನಬೇಕಲ್ಲ? ಅದಕ್ಕೆ ಒಬ್ಬೊಬ್ಬರಿಗೂ ಎರಡೆರಡು ಮೈಕ್ ಕೊಟ್ಟು, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರು. ಎರಡಕ್ಕೂ ಸಮವಾಗಿ ಬಿದ್ದ ಹಿನ್ನೆಲೆ ಶಬ್ದ ರದ್ದಾಗುತ್ತೆ. ಬಾಯಿ ಹತ್ತಿರ ಹಿಡಿದ ಮೈಕಿನ ದನಿ ಮಾತ್ರ ಉಳಿಯುತ್ತೆ.

ಶಬ್ದ ಅದ್ಭುತವಾಗಿತ್ತು ಅಂತ ಕೇಳಿದವರು ಇವತ್ತಿಗೂ ಹೇಳ್ತಾರೆ. ಸಾಗಿಸೋದು ಮಾತ್ರ ಅಸಾಧ್ಯವಾಯಿತು. ಟನ್‌ಗಟ್ಟಲೆ ಸಾಮಾನು, ಕಟ್ಟಿ ಬಿಚ್ಚೋದಕ್ಕೇ ದಿನಗಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗೋಡೆ ಇಳಿಯಿತು. ಒಂದು ಹೆಸರು ನೆನಪಿಟ್ಕೊಳ್ಳಿ: ಆ ಗೋಡೆಗೆ ಶಕ್ತಿ ಕೊಟ್ಟ ಆಂಪ್ಲಿಫೈಯರ್‌ಗಳು ನ್ಯೂಯಾರ್ಕ್ ರಾಜ್ಯದ ಮ್ಯಾಕಿಂಟಾಶ್ ಕಂಪನಿಯವು. ಕಂಪ್ಯೂಟರ್ ಮ್ಯಾಕಿಂಟಾಶ್ ಅಲ್ಲ, ಅದು ಬೇರೆ.

1980: ಎರಡು ಕಂಪನಿ, ಒಂದೇ ಯೋಚನೆ

ಲೈನ್ ಅರೇ ವೇದಿಕೆಯಿಂದ ಮನೆಗೆ ಬಂತು ಅಂತ ನಾನೂ ಅಂದುಕೊಂಡಿದ್ದೆ. ಇತಿಹಾಸ ಅಷ್ಟು ನೇರವಾಗಿಲ್ಲ. ನಾವು ಇವತ್ತು ಮೈದಾನದಲ್ಲಿ ನೋಡೋ ಲೈನ್ ಅರೇಗಿಂತ ಹತ್ತು ಹನ್ನೆರಡು ವರ್ಷ ಮೊದಲೇ ಅದು ಕೆಲವರ ಡ್ರಾಯಿಂಗ್ ರೂಮಿನಲ್ಲಿತ್ತು.

ಅದೇ ಮ್ಯಾಕಿಂಟಾಶ್ ಕಂಪನಿಯಲ್ಲಿ ರೋಜರ್ ರಸೆಲ್ ಎಂಬ ಎಂಜಿನಿಯರ್ ಇದ್ದರು. 1980ರಲ್ಲಿ ಅವರ ಎಕ್ಸ್‌ಆರ್‌ಟಿ20 ಬಂತು. ಒಂದೊಂದು ಬದಿಗೂ 24 ಪುಟ್ಟ ಟ್ವೀಟರ್‌ಗಳ ಒಂದು ತೆಳು ಕಂಬ, ಅದನ್ನು ಗೋಡೆಗೆ ಅಂಟಿದಂತೆ ನಿಲ್ಲಿಸಬೇಕು. ತಗ್ಗು ಸ್ವರಕ್ಕೆ ಪಕ್ಕದಲ್ಲಿ ಬೇರೆ ಡಬ್ಬ. ಕೋಣೆಯಲ್ಲಿ ಎಲ್ಲಿ ಕೂತರೂ, ನಿಂತರೂ ದನಿ ಹೆಚ್ಚು ಬದಲಾಗಬಾರದು ಅನ್ನೋದು ಅವರ ಗುರಿ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಇನ್ಫಿನಿಟಿ ಕಂಪನಿ ತನ್ನ ಐಆರ್‌ಎಸ್ ತಂದಿತು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಆರ್ನಿ ನುಡೆಲ್ ಭೌತವಿಜ್ಞಾನಿ. ಐಆರ್‌ಎಸ್ ಅಂದ್ರೆ ಎರಡಲ್ಲ, ನಾಲ್ಕು ಗೋಪುರ, ಏಳೂವರೆ ಅಡಿ ಎತ್ತರ. ಎರಡು ಗೋಪುರ ಮೇಲಿನ ಸ್ವರಗಳಿಗೆ, ಎರಡು ತಗ್ಗಿಗೆ. 1980ರ ದಶಕದ ಕೊನೆಯಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಒಂದೊಂದು ಬದಿಗೆ ಮಧ್ಯದ ಸ್ವರಕ್ಕೆ 12, ಮೇಲಿನ ಸ್ವರಕ್ಕೆ ಮುಂದೆ 24, ಹಿಂದೆ 12 ಘಟಕಗಳು, ಪಕ್ಕದ ಗೋಪುರದಲ್ಲಿ 12 ಇಂಚಿನ ಆರು ವೂಫರ್. ಒಟ್ಟು ತೂಕ ಒಂದು ಸಣ್ಣ ಕಾರಿನಷ್ಟು. ಬೆಲೆ ಕಾರುಗಳಷ್ಟು.

'ಕೇಳಿದ ಅನುಭವ' ಬರೆಯೋ ಸಂಪ್ರದಾಯ ಗಟ್ಟಿಯಾದದ್ದೂ ಈ ಕಾಲದಲ್ಲೇ. ಅಮೆರಿಕದಲ್ಲಿ ಗಾರ್ಡನ್ ಹೋಲ್ಟ್ 1962ರಲ್ಲಿ ಸ್ಟೀರಿಯೊಫೈಲ್ ಪತ್ರಿಕೆ ಶುರು ಮಾಡಿದರು. ಮೀಟರ್ ಏನೇ ಹೇಳಲಿ, ಕೂತು ಕೇಳಿ, ಕೇಳಿದ್ದನ್ನು ಬರೆಯೋಣ ಅನ್ನೋದು ಅವರ ಪಟ್ಟು. 1973ರಲ್ಲಿ ಹ್ಯಾರಿ ಪಿಯರ್ಸನ್ ದಿ ಆಬ್ಸಲ್ಯೂಟ್ ಸೌಂಡ್ ಶುರು ಮಾಡಿದರು. ಅವರ ಮನೆಯಲ್ಲೇ ಐಆರ್‌ಎಸ್ ನಿಂತಿತ್ತು. ಯೂಟ್ಯೂಬ್‌ನಲ್ಲಿ ನೀವು ಕೇಳೋ 'ಸೌಂಡ್‌ಸ್ಟೇಜ್ ಅಗಲವಾಗಿದೆ' ಥರದ ಮಾತುಗಳ ತವರುಮನೆ ಈ ಪತ್ರಿಕೆಗಳು.

ಸರಿ, ಎಲ್ಲರಿಗೂ ಒಂದೇ ದನಿ ಅಂತ ಹೊರಟ ವಿದ್ಯೆ, ಕೈಗೆಟುಕಿದ್ದು ಬೆರಳೆಣಿಕೆಯ ಶ್ರೀಮಂತರಿಗೆ. ಇದು ಈ ಕಥೆಯ ವ್ಯಂಗ್ಯ.

ಮತ್ತೆ ಮೈದಾನಕ್ಕೆ, ಮತ್ತೆ ಗ್ಯಾರೇಜಿಗೆ

1992ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಕ್ರಿಸ್ಟಿಯಾನ್ ಹೈಲ್, ಮಾರ್ಸೆಲ್ ಉರ್ಬಾನ್ ಜೊತೆ ವಿಯೆನ್ನಾದಲ್ಲಿ ಒಂದು ಪ್ರಬಂಧ ಮಂಡಿಸಿದರು. ಪ್ರಶ್ನೆ ಸರಳ: ಬೇರೆ ಬೇರೆ ಡಬ್ಬಗಳನ್ನು ಜೋಡಿಸಿದಾಗ ಅವೆಲ್ಲ ಒಂದೇ ಶಬ್ದಮೂಲದಂತೆ ವರ್ತಿಸಬೇಕಾದರೆ ಏನು ಷರತ್ತು? ಎರಡು ಸ್ಪೀಕರ್‌ಗಳ ನಡುವಿನ ಅಂತರ, ನುಡಿಸ್ತಿರೋ ಸ್ವರದ ಅಲೆಯುದ್ದಕ್ಕೆ ಹೋಲಿಸಿದರೆ ಸಣ್ಣದಿರಬೇಕು. ತಗ್ಗು ಸ್ವರಕ್ಕೆ ಇದು ಸುಲಭ, ಅಲ್ಲಿ ಅಲೆ ಮೀಟರ್‌ಗಟ್ಟಲೆ ಉದ್ದ. 10,000 ಹರ್ಟ್ಸ್‌ನಲ್ಲಿ ಅಲೆಯುದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಅಷ್ಟು ಹತ್ತಿರ ದೊಡ್ಡ ಸ್ಪೀಕರ್‌ಗಳನ್ನು ಇಡೋದು ಹೇಗೆ? ಹೈಲ್ ಒಂದು ವಿಶೇಷ ನಾಳ ಮಾಡಿದರು. ಮೇಲಿನ ಸ್ವರ ಅದರೊಳಗೆ ಯಾವ ದಾರಿಯಲ್ಲಿ ಹೋದರೂ ಒಂದೇ ದೂರ ಕ್ರಮಿಸಿ, ನೇರವಾದ ಒಂದು ಸೀಳಿನಿಂದ ಹೊರಬರುತ್ತೆ. ಅವರ ಕಂಪನಿ ಎಲ್-ಅಕೂಸ್ಟಿಕ್ಸ್ ಮಾಡಿದ ವಿ-ಡಾಸ್ಕ್ ಇವತ್ತಿನ ವೇದಿಕೆಯ ಲೈನ್ ಅರೇಗಳಿಗೆ ದಾರಿ ಹಾಕಿತು.

ಮನೆಯ ಕಡೆ ಇನ್ನೊಂದು ಹಾದಿ ತೆರೆಯಿತು, ಕೈಯಾರೆ ಮಾಡೋದು. ಸಣ್ಣ ಸ್ಪೀಕರ್‌ಗಳು ಅಗ್ಗವಾದವು. 2000ರ ದಶಕದ ಆರಂಭದಲ್ಲಿ ಜೇಮ್ಸ್ ಗ್ರಿಫಿನ್ ಎಂಬವರು ಮನೆಯ ಸಾಲು ಸ್ಪೀಕರ್‌ಗೆ ಎತ್ತರ ಎಷ್ಟಿರಬೇಕು, ಅಂತರ ಎಷ್ಟಿರಬೇಕು ಅಂತ ಕೈಪಿಡಿಯಂಥ ಪ್ರಬಂಧ ಬರೆದರು. ಹವ್ಯಾಸಿಗಳು ಅದನ್ನು ಪಠ್ಯದ ಹಾಗೆ ಓದಿದರು. ರೋಜರ್ ರಸೆಲ್ ಕೂಡ ಮ್ಯಾಕಿಂಟಾಶ್ ಬಿಟ್ಟ ಮೇಲೆ 25 ಸಣ್ಣ ಸ್ಪೀಕರ್‌ಗಳ ಒಂದೇ ಕಂಬ ರೂಪಿಸಿದರು. ಬೇರೆ ಟ್ವೀಟರ್ ಇಲ್ಲ, ಎಲ್ಲವೂ ಒಂದೇ ಥರದ್ದು.

ಮೈಸೂರಿನ ನನ್ನ ಗೆಳೆಯ ಹಿಡಿದದ್ದು ಈ 25ರ ಲೆಕ್ಕವನ್ನೇ. ಯಾಕೆ 25? ಒಂದೊಂದು ಸ್ಪೀಕರ್ 8 ಓಮ್. ಐದನ್ನು ಸರಣಿಯಲ್ಲಿ ಜೋಡಿಸಿದರೆ 40 ಓಮ್. ಅಂಥ ಐದು ಗುಂಪನ್ನು ಸಮಾಂತರವಾಗಿ ಜೋಡಿಸಿದರೆ ಮತ್ತೆ 8 ಓಮ್. ಮಾಮೂಲಿ ಆಂಪ್ಲಿಫೈಯರ್‌ಗೆ ಅದು ಒಂದೇ ಸ್ಪೀಕರ್ ಇದ್ದ ಹಾಗೆ. ಮೂರು ಇಂಚಿನ 25 ಸ್ಪೀಕರ್, ಒಂದೊಂದಕ್ಕೆ 8 ಸೆಂಟಿಮೀಟರ್ ಜಾಗ, ಒಟ್ಟು 2 ಮೀಟರ್. ಅಂಥ ಎರಡು ಕಂಬ.

ಕೇಳಿದ್ದು ಏನು

ಅಮ್ಮನನ್ನು ಮೈಸೂರಿನಲ್ಲಿ ಚಿಕ್ಕಮ್ಮನ ಮನೆಗೆ ಬಿಡೋಕೆ ಹೋಗಿದ್ದೆ. ದಾರಿಯಲ್ಲಿ ಗೆಳೆಯನ ಮನೆ. 'ಅಮ್ಮ, ಹತ್ತೇ ನಿಮಿಷ' ಅಂದೆ. ಎರಡೂವರೆ ಗಂಟೆ ಆಯಿತು.

ಮೊದಲು ಹಾಕಿದ್ದು ಗಂಗೂಬಾಯಿ ಹಾನಗಲ್. ನನಗೆ ಮೊದಲು ಅನ್ನಿಸಿದ್ದು, ದನಿ ಸ್ಪೀಕರಿನಿಂದ ಹೊರಗೆ ಬರ್ತಿಲ್ಲ, ಅಲ್ಲೇ ನಿಂತಿದೆ ಅಂತ. ಡಬ್ಬದ ಸ್ಪೀಕರ್‌ನಲ್ಲಿ ದನಿ ನಮ್ಮ ಕಡೆ ಎಸೆದ ಹಾಗಿರುತ್ತೆ. ಇಲ್ಲಿ ಕೋಣೆಯ ಆ ತುದಿಯೇ ಹಾಡ್ತಿದ್ದ ಹಾಗಿತ್ತು. ಜೋರಾಗಿ ಇರಲಿಲ್ಲ. ಗೆಳೆಯನ ಜೊತೆ ದನಿ ಏರಿಸದೆ ಮಾತಾಡಬಹುದಿತ್ತು, ಆದ್ರೂ ಆ ಗಟ್ಟಿ ದನಿಯ ತೂಕ ಎದೆಗೆ ತಾಗ್ತಿತ್ತು. ಇದಕ್ಕೆ ಒಂದು ಕಾರಣ ಸುಲಭ: ಕೆಲಸ 25 ಜನಕ್ಕೆ ಹಂಚಿಹೋಗಿದೆ. ಒಂದೊಂದು ಪುಟ್ಟ ಕೋನ್ ಕೂದಲೆಳೆಯಷ್ಟು ಅಲುಗಾಡಿದರೆ ಸಾಕು. ಯಾರೂ ಏದುಸಿರು ಬಿಡಲ್ಲ.

ಇನ್ನೊಂದು ಕಾರಣ ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ನೆಲಕ್ಕೆ ಗ್ರಾನೈಟೋ ಟೈಲ್ಸೋ, ಮೇಲೆ ಬರೀ ಕಾಂಕ್ರೀಟು. ಡಬ್ಬದ ಸ್ಪೀಕರಿನ ಶಬ್ದ ಎರಡಕ್ಕೂ ಹೊಡೆದು ಬಂದು ಮಾತನ್ನು ಕಲಸುತ್ತೆ. ನೆಲದಿಂದ ಸೂರಿನ ಹತ್ತಿರದವರೆಗೆ ನಿಂತ ಸಾಲು ನೆಲಕ್ಕೂ ಸೂರಿಗೂ ಕಡಿಮೆ ಶಬ್ದ ಕಳಿಸುತ್ತೆ. ಸೇಂಟ್ ಪಾಲ್ಸ್‌ನಲ್ಲಿ ಗುಮ್ಮಟವನ್ನು ಸುಮ್ಮನಿರಿಸಿದ್ದ ಉಪಾಯವೇ ಇದು. ಪಕ್ಕದ ಗೋಡೆಗಳ ಮಟ್ಟಿಗೆ ಏನೂ ಸಹಾಯ ಇಲ್ಲ, ಅಲ್ಲಿ ಪರದೆ, ಪುಸ್ತಕದ ಕಪಾಟು ಬೇಕೇ ಬೇಕು.

ಆಮೇಲೆ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಇಲ್ಲಿ ತಕರಾರು ಶುರುವಾಯಿತು. ಮೀಟು ಚೆನ್ನಾಗಿತ್ತು, ಗಮಕದ ಜಾರು ಚೆನ್ನಾಗಿತ್ತು. ಆದ್ರೆ ವೀಣೆ ಎಷ್ಟು ದೊಡ್ಡದು? ಬಾಗಿಲಿನಷ್ಟು! ಕೂತು ನುಡಿಸೋ ವಾದ್ಯ ನೆಲದಿಂದ ತಲೆಯವರೆಗೆ ಬೆಳೆದು ನಿಂತಿತ್ತು. ಸಾಲು ಸ್ಪೀಕರ್ ಬಗ್ಗೆ ಮೊದಲಿನಿಂದಲೂ ಇರೋ ದೂರು ಇದು, ಮತ್ತು ನಿಜವಾದ ದೂರು. ಕಣ್ಣು ತೆರೆದಿದ್ದರೆ ಹೆಚ್ಚು, ಮುಚ್ಚಿದರೆ ಕಡಿಮೆ ಅನ್ನಿಸಿತು ನನಗೆ. ಅರ್ಧ ಗಂಟೆಯಲ್ಲಿ ಅಭ್ಯಾಸವಾಯಿತು. ಆದ್ರೆ ಒಂದೇ ಒಂದು ವಾದ್ಯ ಸೂಜಿಮೊನೆಯಂಥ ಜಾಗದಿಂದ ಬರಬೇಕು ಅನ್ನುವವರಿಗೆ ಇದು ಸರಿಹೋಗಲ್ಲ. ಆ ವಿಷಯದಲ್ಲಿ ಅಪ್ಪನ ಡಬ್ಬವೇ ಮೇಲು.

ಎರಡನೇ ದೂರು ಮೇಲಿನ ಸ್ವರಗಳದ್ದು. ತಾಳದ ಕಿಣಿಕಿಣಿ, ತಂತಿಯ ಕೊನೆಯ ಹೊಳಪು ಸ್ವಲ್ಪ ಮಸುಕು. ಮೂರು ಮೀಟರ್ ದೂರ ಕೂತವರಿಗೆ ಕಂಬದ ಮಧ್ಯದ ಸ್ಪೀಕರಿಗಿಂತ ತುದಿಯ ಸ್ಪೀಕರ್ ಸುಮಾರು 16 ಸೆಂಟಿಮೀಟರ್ ಹೆಚ್ಚು ದೂರ. ತಗ್ಗು ಸ್ವರಕ್ಕೆ ಅದು ಲೆಕ್ಕಕ್ಕಿಲ್ಲ. ಮೇಲಿನ ಸ್ವರಕ್ಕೆ ಅದು ಹಲವು ಅಲೆಗಳಷ್ಟು. ಒಂದರ ಏರು ಇನ್ನೊಂದರ ಇಳಿಗೆ ಸಿಕ್ಕಿ ಕೆಲವು ಸ್ವರ ಅಳಿಸಿಹೋಗುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಕೋಂಬ್ ಫಿಲ್ಟರಿಂಗ್ ಅಂತಾರೆ, ಗ್ರಾಫ್ ಬಾಚಣಿಗೆ ಹಲ್ಲಿನ ಥರ ಕಾಣೋದರಿಂದ. ಗೆಳೆಯ ಈಕ್ವಲೈಜರ್‌ನಲ್ಲಿ ಮೇಲಿನ ಸ್ವರ ಎತ್ತಿದ್ದ. ಅದು ಪ್ರಮಾಣ ಸರಿ ಮಾಡುತ್ತೆ, ಹಲ್ಲುಗಳನ್ನು ತುಂಬಲ್ಲ. ಅಮೆರಿಕದ ಡಾನ್ ಕೀಲ್ ಇದಕ್ಕೆ ಬೇರೆ ಪರಿಹಾರ ಹಿಡಿದರು. ನೌಕಾಪಡೆಯ ನೀರಿನಡಿಯ ಶಬ್ದ ಸಂಶೋಧನೆಯಿಂದ ಸೂತ್ರ ತಂದು, 2000ನೇ ಇಸವಿಯಿಂದ ಈಚೆಗೆ ಬಿಲ್ಲಿನಂತೆ ಬಾಗಿದ ಸಾಲುಗಳನ್ನು ರೂಪಿಸಿದರು. ಅದರಲ್ಲಿ ಮೇಲೆ ಹೋದಂತೆ ಶಬ್ದ ಕಡಿಮೆ ಮಾಡ್ತಾ ಹೋಗ್ತಾರೆ. ನಾನು ಅದನ್ನಿನ್ನೂ ಕೇಳಿಲ್ಲ.

ಗೆಳೆಯ ನಗುತ್ತಾ ಇನ್ನೊಂದು ಹೇಳಿದ. 'ಮಗಾ, ಮೊದಲ ವಾರ ಇದು ಚೆನ್ನಾಗೇ ಇರಲಿಲ್ಲ. ಹಾಡುವವರು ಮಡಕೆಯೊಳಗೆ ಕೂತ ಹಾಗಿತ್ತು.' ಆಮೇಲೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಹಿಡಿದು ಒಂದೊಂದೇ ಸ್ಪೀಕರಿಗೆ ಮುಟ್ಟಿಸಿ ನೋಡಿದನಂತೆ. ಸರಿ ಇದ್ದರೆ ಕೋನ್ ಮುಂದಕ್ಕೆ ಜಿಗಿಯುತ್ತೆ. ಬಲಗಡೆ ಕಂಬದಲ್ಲಿ ಐದು ಹಿಂದಕ್ಕೆ ಹೋದವು. ಒಂದು ಇಡೀ ಗುಂಪಿಗೆ ಪ್ಲಸ್ ಮೈನಸ್ ಅದಲುಬದಲು ಮಾಡಿ ಬೆಸುಗೆ ಹಾಕಿದ್ದ. ಇಪ್ಪತ್ತು ಜನ ಎಳೀತಿದ್ದ ಹಗ್ಗವನ್ನು ಐದು ಜನ ಆ ಕಡೆಗೆ ಎಳೀತಿದ್ದರು.

ಕಿಟಕಿ ಪಕ್ಕದ ದಿವಾನ

ನಾನು ಎದ್ದು ಓಡಾಡಿದೆ. ಫೋನಿನಲ್ಲಿ ಶಬ್ದ ಅಳೆಯೋ ಆ್ಯಪ್ ಹಾಕಿ ಕಂಬದ ಪಕ್ಕ, ನಡುವೆ, ಹಿಂದಿನ ಗೋಡೆ ಹತ್ತಿರ ಹಿಡಿದೆ. ಫೋನ್ ಆ್ಯಪ್ ಲ್ಯಾಬಿನ ಯಂತ್ರ ಅಲ್ಲ, ಹಾಗಾಗಿ ಅಂಕಿ ಹೇಳಲ್ಲ. ಅವನ ಹಳೇ ಡಬ್ಬದ ಸ್ಪೀಕರ್ ಹಾಕಿ ಅದೇ ಜಾಗಗಳಲ್ಲಿ ಮತ್ತೆ ಹಿಡಿದಾಗ ಮುಳ್ಳು ಎಷ್ಟು ಇಳಿಯಿತೋ, ಕಂಬಗಳಲ್ಲಿ ಅದರ ಅರ್ಧದಷ್ಟು ಮಾತ್ರ ಇಳಿದಿತ್ತು. ಕೂತರೂ ನಿಂತರೂ ದನಿಯ ಬಣ್ಣ ಬದಲಾಗಲಿಲ್ಲ.

ಅಮ್ಮ ಸೋಫಾದ ನಡುವೆ ಕೂರಲಿಲ್ಲ. ಎಷ್ಟು ಕರೆದರೂ 'ನಿಮಗೆ ಸರಿಯಾಗಿ ಕೇಳ್ಬೇಕಲ್ಲ, ನೀವೇ ಕೂತ್ಕೊಳ್ಳಿ' ಅಂತ ಬಲಗಡೆ ಕಂಬದ ಪಕ್ಕ, ಕಿಟಕಿಗೆ ಆತುಕೊಂಡ ದಿವಾನದ ಮೇಲೆ ಕೂತಳು. ಇಪ್ಪತ್ತು ವರ್ಷದ ಅಭ್ಯಾಸ. ಅಡುಗೆಮನೆ ಬಾಗಿಲು ಎಲ್ಲಿ ಹೋದರೂ ಜೊತೆಗೇ ಬರುತ್ತೆ.

ವೀಣೆ ಮುಗಿದ ಮೇಲೆ ಗೆಳೆಯ, 'ಹೇಗಿತ್ತು ಅಮ್ಮ?' ಅಂತ ಕೇಳಿದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೃದಂಗ ಆ ಕಡೆ ಇತ್ತಲ್ವಾ?' ಅಂತ ಎಡಗಡೆ ಕೈ ತೋರಿಸಿದಳು. 'ಇಲ್ಲಿಗೂ ಕೇಳುತ್ತಪ್ಪ, ಪೂರ್ತಿ.'

ನಿಖರವಾಗಿ ಹೇಳಬೇಕು ಅಂದ್ರೆ ಅಮ್ಮನಿಗೆ ನಡುವಿನ ದನಿ ನಡುವಿನಲ್ಲಿ ಕೇಳಿರಲ್ಲ. ಹತ್ತಿರದ ಕಂಬದ ಶಬ್ದ ಇಲ್ಲೂ ಮೊದಲೇ ತಲುಪುತ್ತೆ, ಹಾಸ್ ಪರಿಣಾಮಕ್ಕೆ ರಜೆ ಇಲ್ಲ. ವೀಣೆ ಅವಳ ಕಡೆಗೆ ವಾಲಿತ್ತು. ಬದಲಾಗಿದ್ದು ಒಂದೇ: ಆ ಕಡೆಯದ್ದು ಕಳೆದುಹೋಗಲಿಲ್ಲ. ಅಪ್ಪನ ಕುರ್ಚಿಯ ಚಿತ್ರ ಅವಳಿಗೆ ಸಿಗಲಿಲ್ಲ, ಆದ್ರೆ ಸಂಗೀತ ಪೂರ್ತಿ ಸಿಕ್ಕಿತು.

ಕಾರಿನಲ್ಲಿ ವಾಪಸ್ ಬರುವಾಗ ಕೇಳಿದೆ: 'ಅಮ್ಮ, ಮನೇಲಿ ಯಾಕೆ ಹಾಕಲ್ಲ ನೀನು?' 'ನಂಗೆ ಅದರಲ್ಲಿ ಯಾವಾಗ್ಲೂ ಅರ್ಧ ಕೇಳಿದ ಹಾಗೆ ಕಣೋ. ನಿಮ್ಮಪ್ಪ ಅಷ್ಟು ಇಷ್ಟಪಟ್ಟು ತಂದಿದ್ರು, ಹೆಂಗೆ ಹೇಳ್ಲಿ?'

ನಾನು ಆ ಕಂಬಗಳನ್ನು ಮಾಡಿಸ್ತೀನಾ? ನಮ್ಮ ಹಾಲ್‌ನಲ್ಲಿ ಎರಡು ಮೀಟರಿನ ಎರಡು ಹಲಗೆಗೆ ಜಾಗ ಮಾಡಬೇಕು, ಶೋಕೇಸ್ ತೆಗೀಬೇಕು. ಅಮ್ಮ ಒಪ್ಪಿಲ್ಲ. ಆ ಭಾನುವಾರ ಮಾಡಿದ್ದು ಇಷ್ಟು: ಬೆತ್ತದ ಕುರ್ಚಿಯನ್ನು ಹಾಗೇ ಇಟ್ಟು, ಸ್ಪೀಕರ್ ಎರಡನ್ನೂ ಅಡುಗೆಮನೆ ಬಾಗಿಲಿಂದ ದೂರದ ಗೋಡೆಗೆ ಸರಿಸಿದೆ. ಈಗ ಬಾಗಿಲಿನಿಂದ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಅಪ್ಪನ ತ್ರಿಭುಜ ಕೆಟ್ಟಿತು. ಮರುದಿನ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಗಂಗೂಬಾಯಿ ಹಾಡ್ತಿದ್ದರು, ಅಡುಗೆಮನೆಯಲ್ಲಿ ಒಗ್ಗರಣೆ ಸಿಡೀತಿತ್ತು.

ಕೊನೆಗೆ ನಿಮಗೊಂದು ಕೆಲಸ. ಮನೆಯಲ್ಲಿ ಸೌಂಡ್‌ಬಾರ್ ಇದೆಯಾ? ಅದರಲ್ಲೂ ಸ್ಪೀಕರ್‌ಗಳು ಸಾಲಾಗಿಯೇ ಇರ್ತವೆ, ಅಡ್ಡ ಮಲಗಿದ ಸಾಲು. ಮದುವೆ ಹಾಲ್‌ನ ಡಬ್ಬದ ಕಥೆ ನೆನಪಿದೆ ಅಲ್ವಾ? ಒಂದು ಹಾಡು ಹಾಕಿ, ಟಿವಿ ಎದುರಿಗೆ ಕೂರಬೇಡಿ. ನಿಮ್ಮ ಮನೆಯಲ್ಲಿ ಯಾರು ಯಾವಾಗಲೂ ಮೂಲೆಯಲ್ಲಿ ಕೂರ್ತಾರೋ, ಬಾಗಿಲಲ್ಲಿ ನಿಲ್ತಾರೋ, ಅವರ ಜಾಗಕ್ಕೆ ಹೋಗಿ ನಿಂತು ಕೇಳಿ. ಏನು ಕೇಳಿಸ್ತು, ಏನು ಕೇಳಿಸಲಿಲ್ಲ ಅಂತ ನಮಗೆ ವಾಯ್ಸ್ ನೋಟ್ ಕಳಿಸಿ.